ನೀರಿನ ತಟ್ಟೆ ಎತ್ತಿಡಬೇಡಿ, ಸಾಹುಕಾರ್ರೇ!

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಅಂಗಡಿಗಳ ಬಾಗಿಲೆತ್ತುವ ಹೊತ್ತಿಗೆ ಮೂಟೆಗಳ ಮೇಲಿಂದ ಮೈ ಮುರಿಯುತ್ತ ಇಳಿದು ಬರುವ ನೌಕರರ ಒಂದು ದಂಡೇ ಇದೆ. ಇವರಿಗೆ ಸಂಬಳವಿಲ್ಲ, ವಾರದ ರಜೆಯಿಲ್ಲ, ದೀಪಾವಳಿ ಬೋನಸ್ಸಿಗೆ ತಲೆ ಕೆರೆಯುತ್ತ ನಿಲ್ಲುವ ಅಭ್ಯಾಸವಿಲ್ಲ. ರಾತ್ರಿಪಾಳಿಯಲ್ಲಿ ಅಕ್ಕಿ, ಬೇಳೆ, ಅಡಿಕೆ ಚೀಲಗಳನ್ನು ಇಲಿಯ ಹಲ್ಲಿನಿಂದ ಕಾಯುವುದೇ ಕೆಲಸ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಈ ನೌಕರನೇ ಅಂಗಡಿ ಬೆಕ್ಕು.

ನೌಕರ ಗಟ್ಟಿಯಾಗಿರುವವರೆಗೆ ಎಲ್ಲ ಸರಿ. ಹತ್ತು, ಹನ್ನೆರಡು ವರ್ಷ ದಾಟಿದ ಮೇಲೆ ಅದರ ಚಾಳಿ ಬದಲಾಗುತ್ತದೆ. ಮೊದಲು ಹಾಲಿಗೆ ಬರುತ್ತಿದ್ದದ್ದು ಈಗ ನೀರಿನ ತಟ್ಟೆ ಬಿಟ್ಟು ಏಳುವುದಿಲ್ಲ. ತಟ್ಟೆ ಬರಿದಾದರೆ ಬಚ್ಚಲಿಗೆ, ಬಚ್ಚಲು ಒಣಗಿದ್ದರೆ ಚರಂಡಿಗೆ. ಬೆನ್ನುಮೂಳೆ ಕೈಗೆ ಸಿಗುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಗಲ್ಲದ ಕೆಳಗೆ ಹಳದಿ ನೊರೆಯ ವಾಂತಿ. ಸಕ್ಕರೆ ಮೂಟೆಯ ಮೇಲೆ ಉಚ್ಚೆ. ‘ಇಷ್ಟು ವರ್ಷ ಇಲ್ಲದ್ದು ಈಗ ಕೊಬ್ಬು ಬಂತಾ ಇದಕ್ಕೆ?’ ಅಂತ ಸಾಹುಕಾರರು ಒಂದು ಬಾರಿಸುತ್ತಾರೆ.

ಪಕ್ಕದಂಗಡಿಯವರು ಬಿಟ್ಟಿ ಸಲಹೆ ಕೊಡುವುದು ಆವಾಗಲೇ. ‘ನೀರು ಜಾಸ್ತಿ ಕುಡಿದೇ ಕಕ್ತದೆ ಮಾರಾಯ್ರೇ, ಜಾಸ್ತಿ ಕುಡಿದೇ ಉಚ್ಚೆ ಹೊಯ್ತದೆ. ತಟ್ಟೆ ಎತ್ತಿಡಿ, ಎಲ್ಲ ಸರಿ ಹೋಗ್ತದೆ.’

ಕೇಳಲಿಕ್ಕೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಈ ಸಲಹೆಯಂತೆ ನಡೆದರೆ ಬೆಕ್ಕು ಎರಡು ಮೂರು ದಿನದಲ್ಲಿ ನೆಲ ಹಿಡಿಯಬಹುದು. ಯಾಕೆಂದರೆ ಲೆಕ್ಕ ತಲೆಕೆಳಗಾಗಿದೆ. ಬೆಕ್ಕು ಜಾಸ್ತಿ ಕುಡಿಯುತ್ತದೆಂದು ಜಾಸ್ತಿ ಉಚ್ಚೆ ಹೊಯ್ಯುತ್ತಿಲ್ಲ. ಉಚ್ಚೆಯಲ್ಲಿ ನೀರೆಲ್ಲ ಸೋರಿ ಹೋಗುತ್ತಿರುವುದರಿಂದ ಕುಡಿಯುತ್ತಿದೆ. ತೂತು ಬಿದ್ದ ಕೊಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರೆ ತೂತು ಮುಚ್ಚುವುದಿಲ್ಲ, ಕೊಡ ಬರಿದಾಗುತ್ತದೆ.

ಮರುಭೂಮಿಯ ಕಿಡ್ನಿ

ಬೆಕ್ಕಿನ ಮೂಲ ಪುರುಷ ಆಫ್ರಿಕಾದ ಕಾಡುಬೆಕ್ಕು, ಒಣಭೂಮಿಯ ಪ್ರಾಣಿ. ಇಲಿಯ ಮೈಯಲ್ಲಿರುವ ನೀರಿನಲ್ಲೇ ಬಹುಮಟ್ಟಿಗೆ ದಿನ ತಳ್ಳುವಂಥ ಜಾತಿ. ಅದಕ್ಕಾಗಿ ಪ್ರಕೃತಿ ಅದಕ್ಕೆ ಬಹಳ ಜಿಪುಣ ಕಿಡ್ನಿಯನ್ನು ಕೊಟ್ಟಿದೆ. ಒಂದು ಹನಿ ನೀರನ್ನೂ ಪುಕ್ಕಟೆ ಬಿಡದೆ, ಕಸವನ್ನೆಲ್ಲ ಗಟ್ಟಿ ಮೂತ್ರವಾಗಿ ಹಿಂಡಿ ಹೊರಹಾಕುವ ಯಂತ್ರ ಅದು. ಬೆಕ್ಕಿನ ಮೂತ್ರದ ಆ ಘಾಟು ವಾಸನೆಗೆ ಈ ಜಿಪುಣತನವೂ ಒಂದು ಕಾರಣ.

ಈ ಯಂತ್ರದಲ್ಲಿ ಒಂದೊಂದು ಕಿಡ್ನಿಗೆ ಸುಮಾರು 2 ಲಕ್ಷ ಸೋಸುವ ಘಟಕಗಳಿವೆ. ಮನುಷ್ಯನಿಗೆ ಸುಮಾರು 10 ಲಕ್ಷ. ವಯಸ್ಸಾದಂತೆ ಒಂದೊಂದೇ ಘಟಕ ಕೆಡುತ್ತ ಹೋಗುತ್ತದೆ. ಕೆಟ್ಟದ್ದು ಮತ್ತೆ ಹುಟ್ಟುವುದಿಲ್ಲ. ಉಳಿದವು ತಮ್ಮ ಪಾಲಿನ ಜೊತೆಗೆ ಸತ್ತವರ ಪಾಲನ್ನೂ ದುಡಿಯುತ್ತವೆ. ಮೂರರಲ್ಲಿ ಎರಡು ಪಾಲು ಕೆಡುವವರೆಗೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಜಿಪುಣತನ ಕೈಬಿಡುತ್ತದೆ: ಮೂತ್ರ ನೀರುನೀರಾಗುತ್ತದೆ, ವಾಸನೆ ಕಮ್ಮಿಯಾಗುತ್ತದೆ, ಬಾಯಾರಿಕೆ ಶುರುವಾಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸದ ಅಂಶ ಏರಿದ್ದು ಪರೀಕ್ಷೆಯಲ್ಲಿ ಕಾಣುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಹೋಗಿರುತ್ತದೆ. ಅಂದರೆ ಅಂಗಡಿಯವನಿಗೆ ತಟ್ಟೆ ಖಾಲಿಯಾಗುವುದು ಕಣ್ಣಿಗೆ ಬಿದ್ದ ದಿನವೇ ಎಚ್ಚರವಾದರೆ, ಕೆಲವೊಮ್ಮೆ ಲ್ಯಾಬೊರೇಟರಿಗಿಂತ ಮುಂಚೆ ಎಚ್ಚರವಾದಂತೆ.

ಇದು ಅಪರೂಪದ ಕಾಯಿಲೆಯೇನಲ್ಲ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರಕ್ಕೊಂದು ಬೆಕ್ಕಿಗೆ ಇದರ ಕಾಟ ಎಂಬುದು ಪಶುವೈದ್ಯರ ಅಂದಾಜು. ಟೋಕಿಯೋ ವಿಶ್ವವಿದ್ಯಾಲಯದ ವಿಜ್ಞಾನಿ ತೋರು ಮಿಯಾಜಾಕಿ ಮತ್ತು ಸಂಗಡಿಗರು 2016ರಲ್ಲಿ ಒಂದು ಕಾರಣವನ್ನು ಮುಂದಿಟ್ಟರು. ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಂಡ ಕಸವನ್ನು ಗುಡಿಸಲು ನೆರವಾಗುವ ಪ್ರೋಟೀನೊಂದು ಬೆಕ್ಕಿನ ರಕ್ತದಲ್ಲೂ ಇದೆ, ಆದರೆ ಅದು ಬೇರೊಂದು ಅಣುವಿಗೆ ಬಿಗಿಯಾಗಿ ಅಂಟಿಕೊಂಡಿದ್ದು ಕೆಲಸಕ್ಕೆ ಬಿಡಿಸಿಕೊಳ್ಳುವುದೇ ಇಲ್ಲ ಅಂತ. ಪೌರಕಾರ್ಮಿಕ ಇದ್ದಾನೆ, ಆದರೆ ಕಸದ ಗಾಡಿಗೆ ಸರಪಳಿ ಹಾಕಿ ಕಟ್ಟಿದೆ! ನಮ್ಮೂರ ವಾರ್ಡುಗಳ ಕಥೆ ಬೆಕ್ಕಿನ ಹೊಟ್ಟೆಯೊಳಗೂ ಇದೆ ಅಂದಂತಾಯಿತು.

ವಾಂತಿ ಯಾತಕ್ಕೆ?

ಬೆಕ್ಕು ವಾಂತಿ ಮಾಡುವುದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮೈ ನೆಕ್ಕಿ ಕೂದಲು ನುಂಗಿದ ಬೆಕ್ಕು ಆಗೊಮ್ಮೆ ಈಗೊಮ್ಮೆ ಕೂದಲುಂಡೆ ಕಕ್ಕುವುದುಂಟು, ಗರಿಕೆ ತಿಂದು ಹೊರಹಾಕುವುದುಂಟು. ಅದು ಬೇರೆ. ಕಿಡ್ನಿ ಕೆಟ್ಟ ಬೆಕ್ಕಿನ ವಾಂತಿಯಲ್ಲಿ ಕೂದಲಿರುವುದಿಲ್ಲ. ನೊರೆ, ಹಳದಿ ನೀರು, ಅರೆಜೀರ್ಣವಾದ ಅನ್ನ. ಹೊರಹೋಗಬೇಕಿದ್ದ ಕಸ ರಕ್ತದಲ್ಲೇ ನಿಂತು, ಮಿದುಳಿನಲ್ಲಿರುವ ವಾಂತಿಯ ಗುಂಡಿಯನ್ನು ಒತ್ತುತ್ತಿರುತ್ತದೆ. ಬಾಯಿಯಲ್ಲಿ ಹುಣ್ಣು, ದುರ್ನಾತ. ತಟ್ಟೆಯ ಹತ್ತಿರ ಬಂದು ಮೂಸಿ, ತುಟಿ ನೆಕ್ಕಿಕೊಂಡು ಹಿಂದೆ ಹೋಗುವ ಬೆಕ್ಕಿಗೆ ಸೊಕ್ಕಲ್ಲ, ಓಕರಿಕೆ.

ವಾರಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಕಕ್ಕಿದರೆ ಅದನ್ನು ಕೂದಲಿನ ಲೆಕ್ಕಕ್ಕೆ ಬರೆಯುವಂತಿಲ್ಲ. ವಾಂತಿಯಲ್ಲಿ ರಕ್ತ ಕಂಡರೆ, ಕಾಫಿಗಸಿಯಂಥದ್ದು ಬಂದರೆ, ಅಥವಾ ಒಂದು ದಿನವಿಡೀ ಏನೂ ತಿನ್ನದಿದ್ದರೆ ಅದೇ ದಿನ ಹೊರಡಬೇಕು. ಉಪವಾಸ ದೇಹಕ್ಕೆ ಒಳ್ಳೆಯದು ಎಂಬ ಶಾಸ್ತ್ರ ಬೆಕ್ಕಿಗೆ ನಡೆಯುವುದಿಲ್ಲ; ಕೆಲವೇ ದಿನ ತಿನ್ನದೆ ಬಿದ್ದರೂ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. ಇನ್ನೊಂದು: ನಿನ್ನೆಯವರೆಗೆ ಚೆನ್ನಾಗಿದ್ದ ಬೆಕ್ಕು ಇವತ್ತು ಏಕಾಏಕಿ ಕಕ್ಕತೊಡಗಿದರೆ ವಯಸ್ಸನ್ನು ನೆನೆಯುವ ಮುಂಚೆ ಓಣಿಯಲ್ಲಿ ಯಾರು ಇಲಿ ಪಾಷಾಣ ಇಟ್ಟಿದ್ದಾರೆಂದು ವಿಚಾರಿಸಬೇಕು. ಗಂಡು ಬೆಕ್ಕು ತಿಣುಕಿ ತಿಣುಕಿ ಕೂತು ಮೂತ್ರವೇ ಬಾರದೆ ಕಕ್ಕುತ್ತಿದ್ದರೆ ಅದು ಕಟ್ಟುಮೂತ್ರ. ಅದಕ್ಕೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಬಾಯಾರಿಕೆಗೆ ಕಿಡ್ನಿಯೊಂದೇ ಕಾರಣ ಅಂತಲೂ ತೀರ್ಮಾನಿಸಬಾರದು. ಮನುಷ್ಯರಂತೆ ಬೆಕ್ಕಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ದುಡಿಯುವ ರೋಗವೂ ಇದೆ. ಬೆಕ್ಕುಗಳಲ್ಲಿ ಅದನ್ನು ಅಮೆರಿಕದ ವೈದ್ಯರು ಗುರುತಿಸಿ ಹೇಳಿದ್ದು 1979-80ರ ಸುಮಾರಿಗೆ. ಈ ಎರಡರಲ್ಲಿ ಸಾಮಾನ್ಯವಾಗಿ ಬೆಕ್ಕು ಬಕಾಸುರನಂತೆ ತಿನ್ನುತ್ತ ತಿನ್ನುತ್ತಲೇ ಸೊರಗುತ್ತದೆ. ಕಿಡ್ನಿಯದ್ದಾದರೆ ಹಸಿವೂ ಕುಗ್ಗುತ್ತದೆ. ಆದರೂ ಕಣ್ಣಂದಾಜಿಗೆ ಬೆಲೆಯಿಲ್ಲ, ರಕ್ತ ಮತ್ತು ಮೂತ್ರ ನೋಡಲೇಬೇಕು. ಒಂದಕ್ಕಿಂತ ಹೆಚ್ಚು ರೋಗ ಒಟ್ಟಿಗೇ ಕೂತಿರುವುದೂ ಉಂಟು.

ತಕ್ಕಡಿ ಅಂಗಡಿಯಲ್ಲೇ ಇದೆ!

ಈ ವಿಷಯದಲ್ಲಿ ಅಂಗಡಿಯವರಿಗೆ ಇರುವ ಅನುಕೂಲ ಬಂಗಲೆಯವರಿಗಿಲ್ಲ. ಅಳತೆಪಾತ್ರೆ, ತಕ್ಕಡಿ, ಲೆಕ್ಕದ ಪುಸ್ತಕ ಮೂರೂ ಕೈಗೆಟುಕುವಲ್ಲಿವೆ.

ಆರೋಗ್ಯವಾದ ಬೆಕ್ಕಿಗೆ ಊಟದಲ್ಲಿ ಸೇರಿರುವುದೂ ಹಿಡಿದು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಸಾಕು. 4 ಕಿಲೋ ಬೆಕ್ಕಿಗೆ 200, ಒಂದು ದೊಡ್ಡ ಲೋಟ. ಕಿಲೋಗೆ 100 ದಾಟಿತೆಂದರೆ, ಅಂದರೆ ಇದೇ ಬೆಕ್ಕು 400 ಮಿಲಿಲೀಟರ್ ಕುಡಿಯಿತೆಂದರೆ, ಅದು ಬರೀ ಸೆಕೆಯಲ್ಲ, ರೋಗ. ಒಂದು ದಿನ ಬೆಕ್ಕನ್ನು ಒಳಗೇ ಕೂಡಿ, ಅಳೆದು ನೀರಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದರೆ ಮುಗಿಯಿತು. ಬೇಸಿಗೆಯಾದರೆ ಅಂಥದ್ದೇ ಇನ್ನೊಂದು ತಟ್ಟೆಯಲ್ಲಿ ಅಷ್ಟೇ ನೀರು ಹಾಕಿ ಬೆಕ್ಕಿಗೆ ಎಟುಕದಂತೆ ಅಟ್ಟದ ಮೇಲಿಡಿ. ಅದರಲ್ಲಿ ಕಮ್ಮಿಯಾದಷ್ಟು ಆವಿಯಾದ ಬಾಬ್ತು, ಕಳೆಯಿರಿ.

ತೂಕದ್ದು ಇನ್ನೂ ಸುಲಭ. ಬೆಕ್ಕನ್ನು ಬುಟ್ಟಿಗೆ ಹಾಕಿ ತಕ್ಕಡಿಯ ಮೇಲಿಟ್ಟು ಬುಟ್ಟಿಯ ತೂಕ ಕಳೆದು ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ರೋಗ ಪತ್ತೆಯಾಗುವ ಹಿಂದಿನ ಒಂದು ವರ್ಷದಲ್ಲಿ ಬೆಕ್ಕುಗಳು ಸಾಧಾರಣ ನೂರಕ್ಕೆ 9ರಷ್ಟು ತೂಕ ಕಳೆದುಕೊಂಡಿರುತ್ತವೆಂದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳಿದೆ. 4 ಕಿಲೋ ಬೆಕ್ಕಿಗೆ ಅದು 360 ಗ್ರಾಂ. ಕಡ್ಲೆಬೇಳೆಯಲ್ಲಿ 360 ಗ್ರಾಂ ಕಮ್ಮಿ ಬಂದರೆ ಗಿರಾಕಿ ಬೀದಿಗೆ ಕೇಳುವಂತೆ ಕೂಗುತ್ತಾನೆ. ಬೆಕ್ಕು ಕೂಗುವುದಿಲ್ಲ.

ಮನೆಮದ್ದಿನ ಅವಾಂತರ

ವಾಂತಿಗೆ, ಜ್ವರಕ್ಕೆ ಗಲ್ಲದಲ್ಲಿರುವ ಮಾತ್ರೆಯನ್ನೇ ಅರ್ಧ ಮಾಡಿ ಹಾಲಿಗೆ ಕಲಸಿ ಕೊಡುವವರಿದ್ದಾರೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಇದರಲ್ಲಿ ಎರಡು ಮಾತಿಲ್ಲ. ಅದನ್ನು ಅರಗಿಸಿ ನಿರುಪದ್ರವ ಮಾಡುವ ಶಕ್ತಿ ಬೆಕ್ಕಿನ ಲಿವರಿಗೆ ಸಾಲದು. ರಕ್ತ ಕಂದಾಗುತ್ತದೆ, ಒಸಡು ನೀಲಿ ತಿರುಗುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಸೊಂಟನೋವಿನ ಡೈಕ್ಲೋಫೆನಾಕ್ ಕೂಡ ಬೇಡ. ಈ ಔಷಧಿ ಹಾಕಿಸಿಕೊಂಡು ಸತ್ತ ದನಗಳನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ದೇಶದಲ್ಲೆಲ್ಲ ಸತ್ತವು. ಅದಕ್ಕಾಗಿ ಸರಕಾರ 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿತು.

ಇನ್ನು ಊಟ. ಒಣಮೀನು, ಹಾಲು ಎರಡರಲ್ಲೂ ರಂಜಕ ಜಾಸ್ತಿ. ಕಿಡ್ನಿ ಸೋತ ಬೆಕ್ಕಿಗೆ ರಂಜಕವೇ ಶತ್ರು. ಹಾಗೆಂದು ‘ಇನ್ಮೇಲೆ ಸಸ್ಯಾಹಾರ’ ಅಂತ ಮೊಸರನ್ನದ ಮೇಲೆ ಬಿಟ್ಟರೆ ಸ್ನಾಯು ಕರಗಿ ಬೇಗ ಸಾಯುತ್ತದೆ. ಬೆಕ್ಕು ಹುಟ್ಟಾ ಮಾಂಸಾಹಾರಿ, ಯಾವ ಮಠದ ದೀಕ್ಷೆಯೂ ಅದಕ್ಕೆ ನಡೆಯದು. ರಂಜಕ ಕಮ್ಮಿಯಿರುವ, ಹದವಾಗಿ ಪ್ರೋಟೀನ್ ಇರುವ ಕಿಡ್ನಿ ಆಹಾರವೇ ಬೇರೆ ಸಿಗುತ್ತದೆ. ಲಂಡನ್ನಿನ ಪಶುವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಆ ಆಹಾರ ತಿಂದ ಬೆಕ್ಕುಗಳು ಸಾಧಾರಣ 633 ದಿನ ಬದುಕಿದವು, ತಿನ್ನಲೊಪ್ಪದವು, ಯಜಮಾನರು ಕೊಡದೆ ಉಳಿದವು 264 ದಿನ. ದುಬಾರಿ ನಿಜ. ಮನೆಯಲ್ಲೇ ಬೇಯಿಸಿ ಹಾಕುವವರು ಯಾವುದು ಎಷ್ಟು ಎಂದು ವೈದ್ಯರ ಹತ್ತಿರವೇ ಬರೆಸಿಕೊಳ್ಳಬೇಕು, ಪಕ್ಕದಂಗಡಿಯವರ ಹತ್ತಿರ ಅಲ್ಲ.

‘ಬೆಕ್ಕಿಗೂ ಡಾಕ್ಟ್ರಾ?’

ಊರಿನಲ್ಲಿ ‘ದನದ ಆಸ್ಪತ್ರೆ’ ಅಂತ ಕರೆದು ಕರೆದು ಅಲ್ಲಿ ದನಕ್ಕೆ ಮಾತ್ರ ಮದ್ದು ಎಂಬ ಭಾವನೆ ಗಟ್ಟಿಯಾಗಿದೆ. ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಬೆಕ್ಕು ಒಯ್ದವರನ್ನು ಅಲ್ಲಿ ಯಾರೂ ನಗುವುದಿಲ್ಲ. ನಗುವವರೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಇರುತ್ತಾರೆ.

ವೈದ್ಯರು ಮಾಡುವುದು ಇಷ್ಟು. ರಕ್ತದಲ್ಲಿ ಕ್ರಿಯಾಟಿನಿನ್, ರಂಜಕ, ಪೊಟ್ಯಾಸಿಯಂ, ಸಕ್ಕರೆ, ಮೂತ್ರದ ಗಾಢತೆ, ಸಾಧ್ಯವಾದರೆ ರಕ್ತದೊತ್ತಡ. ಒತ್ತಡ ಏರಿದ ಮುದಿ ಬೆಕ್ಕಿಗೆ ಒಂದೇ ರಾತ್ರಿಯಲ್ಲಿ ಕಣ್ಣು ಹೋಗುವುದುಂಟು. ಕ್ರಿಯಾಟಿನಿನ್ 1.6 ದಾಟಿದರೆ ಎಚ್ಚರಿಕೆ, 5 ದಾಟಿದರೆ ಕೊನೆಯ ಹಂತ. ನಡುವೆ ಇರುವ ಬೆಕ್ಕಿಗೆ ವಾಂತಿ ತಡೆಯುವ ಔಷಧಿ, ಹಸಿವು ತರಿಸುವ ಔಷಧಿ, ಬೇಕಾದರೆ ಒತ್ತಡದ ಮಾತ್ರೆ ಇವೆ. ನೀರು ಬತ್ತಿದ ಬೆಕ್ಕಿಗೆ ಹೆಗಲ ಸಡಿಲ ಚರ್ಮದ ಕೆಳಗೆ ಸಲೈನ್ ಇಳಿಸುತ್ತಾರೆ, ಒಂಟೆಯ ಡುಬ್ಬದಂತೆ ಉಬ್ಬಿ ಕೆಲವು ಗಂಟೆಯಲ್ಲಿ ಇಂಗುತ್ತದೆ. ವೈದ್ಯರಿಂದ ಕಲಿತು ಮನೆಯಲ್ಲೇ ಹಾಕುವವರೂ ಇದ್ದಾರೆ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದು ಮಾತ್ರ ವೈದ್ಯರ ಮಾತು. ಹೃದಯ ಸೋತ ಬೆಕ್ಕಿಗೆ ಸಲೈನೇ ಮುಳುವಾದೀತು.

ಗುಣವಾಗುತ್ತದೆಯೇ? ಇಲ್ಲ. ಆದರೆ ಬೇಗ ಹಿಡಿದರೆ ತಿಂಗಳುಗಳಲ್ಲ, ವರ್ಷಗಳು ಸಿಗುತ್ತವೆ; ಮಧ್ಯಾಹ್ನದ ಬಿಸಿಲಿನಲ್ಲಿ ಮೂಟೆಯ ಮೇಲೆ ಮಲಗಿ ಕಳೆಯಬಹುದಾದ ವರ್ಷಗಳು.

ಖರ್ಚಿಗೆ ಹೆದರಿ, ಗಲೀಜಿಗೆ ಬೇಸತ್ತು, ಗೋಣಿಚೀಲದಲ್ಲಿ ಕಟ್ಟಿ ತುಂಗಾ ಹೊಳೆ ದಾಟಿಸಿ ಬಿಟ್ಟು ಬರುವ ಪದ್ಧತಿಯೊಂದು ಇದೆಯಲ್ಲ, ಅದರ ಬಗ್ಗೆ ಒಂದು ಮಾತು. ಹೊಳೆ ದಾಟಿಸಿದರೆ ಬೆಕ್ಕು ವಾಪಸು ಬರೋದಿಲ್ಲ ಅಂತಾರೆ. ಗಂಟೆಗೊಮ್ಮೆ ನೀರು ಬೇಕಾದ ಮುದಿ ಬೆಕ್ಕು ವಾಪಸು ಬರುವುದು ಹೇಗೆ? 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು ಅಪರಾಧ. ನಿಜಕ್ಕೂ ಕೊನೆಯ ಹಂತಕ್ಕೆ ಬಂದು, ತಿನ್ನದೆ, ಏಳದೆ ನರಳುವ ಬೆಕ್ಕಿಗೆ ನೋವಿಲ್ಲದ ಚುಚ್ಚುಮದ್ದು ವೈದ್ಯರ ಹತ್ತಿರವೇ ಇದೆ. ಕೇಳಲಿಕ್ಕೆ ಕಷ್ಟವಾದರೂ ಚೀಲಕ್ಕಿಂತ ಅದು ಮೇಲು.

ಬಸ್ಸಿನಲ್ಲಿ ಒಯ್ಯುವವರು ಗಾಳಿಯಾಡುವ ಬುಟ್ಟಿಗೆ ಹಳೇ ಟವೆಲ್ ಹಾಸಿ, ಮೇಲೊಂದು ಬಟ್ಟೆ ಮುಚ್ಚಿದರೆ ಬೆಕ್ಕು ಕೂಗುವುದು ಕಮ್ಮಿ. ನೀರಿನ ಅಳತೆ, ತೂಕ, ಯಾವ ಯಾವ ದಿನ ಕಕ್ಕಿತು, ಯಾವ ಮಾತ್ರೆ ಹಾಕಿದ್ದಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾತ್ರೆಯದ್ದನ್ನು ಮುಚ್ಚಿಡಬೇಡಿ, ವೈದ್ಯರು ಮೊದಲು ಕೇಳುವುದೇ ಅದನ್ನು.