ನಕ್ಕರೆ ಬೀಳುವ ಬಾಲಕ

ಮೆಟ್ಟಿಲಿಳಿಯುವಾಗ ನಮ್ಮ ನೋಟ ತಾನಾಗಿ ಕೆಳಕ್ಕೆ ಹೊರಳುತ್ತದೆ. ಅದೊಂದು ಸಾಮರ್ಥ್ಯವೆಂದು ನಾವಾರೂ ಎಣಿಸುವುದಿಲ್ಲ. ಆದರೆ ನೀಮನ್-ಪಿಕ್ 'ಸಿ' ಎಂಬ ಅಪೂರ್ವ ಅನುವಂಶಿಕ ವ್ಯಾಧಿಗೆ ಒಳಗಾದ ಬಾಲಕನು ಮೆಟ್ಟಿಲನ್ನು ಕಾಣಬೇಕಾದರೆ ತಲೆಯನ್ನೇ ಬಾಗಿಸಬೇಕಾದೀತು. ದೋಷವು ಕಣ್ಣಿನದಲ್ಲ, ಅದರ ಸ್ನಾಯುಗಳದೂ ಅಲ್ಲ. ನೋಟವನ್ನು ಮೇಲಕ್ಕೂ ಕೆಳಕ್ಕೂ ಥಟ್ಟನೆ ತಿರುಗಿಸುವ ಆಜ್ಞೆಯನ್ನು ಕಳುಹಿಸುವ, ಮಧ್ಯಮೆದುಳಿನ ನರಕೋಶಗಳು ಕೆಟ್ಟಿರುತ್ತವೆ. ಅಕ್ಕಪಕ್ಕದ ನೋಟವನ್ನು ನಡೆಸುವ ಕೋಶಗಳು ಬೇರೆಡೆಯಲ್ಲಿರುವುದರಿಂದ ಆ ನೋಟ ಇನ್ನೂ ಕೆಲಕಾಲ ಉಳಿದಿರುತ್ತದೆ.

ಇದಕ್ಕೆ ಕಾರಣವೇನು? ಜೀವಕೋಶಗಳಲ್ಲಿ ಲೈಸೊಸೋಮ್ ಎಂಬ ಸೂಕ್ಷ್ಮ ಚೀಲಗಳುಂಟು. 1955ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದೂವ್ ಅವರು ಇವಕ್ಕೆ ಹೆಸರಿಟ್ಟರು. ಕೋಶವು ಹೊರಗಿನಿಂದ ಪಡೆದ ಕೊಲೆಸ್ಟೆರಾಲ್ ಈ ಚೀಲಕ್ಕೆ ಬಂದು, ಇಲ್ಲಿಂದ ಹೊರಬಿದ್ದು ಬಳಕೆಯಾಗಬೇಕು. ಅದನ್ನು ಹೊರದಾಟಿಸುವ ಎರಡು ಪ್ರೋಟೀನುಗಳಲ್ಲಿ ಒಂದು ಕೆಟ್ಟರೂ ಸರಕು ಅಲ್ಲಿಯೇ ರಾಶಿಬೀಳುತ್ತದೆ. ಉಗ್ರಾಣ ತುಂಬಿದೆ, ಅಡುಗೆಮನೆ ಬರಿದಾಗಿದೆ! ಗುಲ್ಮವೂ ಯಕೃತ್ತೂ ಊದಿಕೊಳ್ಳಬಹುದು. ನರಕೋಶಗಳಲ್ಲಿ ಇತರ ಮೇದಸ್ಸುಗಳೂ ಶೇಖರವಾಗಿ ಅವು ಕ್ರಮೇಣ ನಾಶವಾಗುತ್ತವೆ.

ದೇಹದ ತೂಕವನ್ನು ಸರಿದೂಗಿಸುವ ಕಿರುಮೆದುಳಿಗೆ ಬೀಳುವ ಪೆಟ್ಟು ದೊಡ್ಡದು. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಅಕ್ಷರ ಅಂಕುಡೊಂಕಾಗುತ್ತದೆ. ಕಲಿತ ಪಾಠ ಮರೆಯತೊಡಗುತ್ತದೆ. ಪಾಪ, ಹುಡುಗನಿಗೆ ಅಜಾಗರೂಕನೆಂಬ ಬಿರುದು! ಮುಂದೆ ನುಂಗುವುದೂ ಕಷ್ಟವಾಗುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ನಗೆಯ ಲಕ್ಷಣ. ಕೆಲವು ಮಕ್ಕಳು ಗಟ್ಟಿಯಾಗಿ ನಕ್ಕೊಡನೆ ಸ್ನಾಯುಗಳೆಲ್ಲ ಸಡಿಲಗೊಂಡು ಕುಸಿದುಬೀಳುತ್ತಾರೆ. ಎಚ್ಚರ ಮಾತ್ರ ತಪ್ಪಿರುವುದಿಲ್ಲ. ವಯಸ್ಕರಲ್ಲಿ ಒಮ್ಮೊಮ್ಮೆ ಮೊದಲು ಕಾಣುವುದು ಚಿತ್ತವಿಕಾರ. ಆದುದರಿಂದ ರೋಗದ ನಿಜಸ್ವರೂಪ ತಿಳಿಯುವ ವೇಳೆಗೆ ವರ್ಷಗಳೇ ಉರುಳಿರುತ್ತವೆ.

ತಂದೆತಾಯಿಗಳು ಆರೋಗ್ಯವಂತರೇ. ಇಬ್ಬರಲ್ಲಿಯೂ ಒಂದೊಂದು ಕೆಟ್ಟ ಜೀನ್ ಅಡಗಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ನಮ್ಮಲ್ಲಿ ರೂಢಿಯಲ್ಲಿರುವ ಸೋದರಮಾವನ ಮದುವೆಯಂಥ ರಕ್ತಸಂಬಂಧಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು.

ಮೊದಲನೆಯ ಜೀನ್ 1997ರಲ್ಲಿ ಪತ್ತೆಯಾಯಿತು, ಎರಡನೆಯದು 2000ದಲ್ಲಿ. ಮಿಗ್ಲುಸ್ಟಾಟ್ ಎಂಬ ಔಷಧಕ್ಕೆ 2009ರಲ್ಲಿ ಯೂರೋಪು ಈ ರೋಗಕ್ಕಾಗಿ ಅನುಮತಿಯಿತ್ತಿತು; 2024ರಲ್ಲಿ ಅಮೆರಿಕವು ಇನ್ನೆರಡಕ್ಕೆ ಒಪ್ಪಿಗೆ ಕೊಟ್ಟಿತು. ಯಾವುದೂ ಸತ್ತ ನರಕೋಶವನ್ನು ಮರಳಿಸಲಾರದು. ಅಂತೆಯೇ ವೈದ್ಯರು ಒಂದು ಬೆರಳನ್ನು ಮೇಲೆ, ಇನ್ನೊಂದನ್ನು ಕೆಳಗೆ ಹಿಡಿದು, ತಲೆಯಾಡಿಸದೆ ಒಂದರಿಂದ ಇನ್ನೊಂದಕ್ಕೆ ದೃಷ್ಟಿ ಹಾಯಿಸೆಂದು ಮಗುವಿಗೆ ಹೇಳುತ್ತಾರೆ. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು.