ಒಂದೇ ಇನ್ಹೇಲರ್, ಎಲ್ಲರಿಗೂ ಒಂದೇ ಥರ ಯಾಕಲ್ಲ?

ಮಳೆಗಾಲ ಶುರುವಾದ್ರೆ ಕಾರವಾರದಲ್ಲಿ ಗೋಡೆಗೆಲ್ಲ ಬೂಷ್ಟು ಹಿಡಿಯುತ್ತೆ, ಅಸ್ತಮಾ ಇರುವ ಗೆಳೆಯರ ಬ್ಯಾಗಿನಿಂದ ನೀಲಿ ಇನ್ಹೇಲರ್ ಹೊರಗೆ ಬರುತ್ತೆ. ಒಬ್ಬರಿಗೆ ಎರಡು ಪಫ್ ಸಾಕು, ಇನ್ನೊಬ್ಬರಿಗೆ ಅದೇ ಔಷಧಿಯಿಂದ ಅಷ್ಟು ಆರಾಮ ಸಿಗಲ್ಲ. ಇನ್ಹೇಲರ್ ಬಳಸುವ ರೀತಿ, ಧೂಳು, ಹೊಗೆ ಎಲ್ಲವೂ ಇದಕ್ಕೆ ಕಾರಣ. ಜೊತೆಗೆ ನಮ್ಮ ಜೀನ್‌ಗಳಿಗೂ ಒಂದು ಪಾಲಿದೆ.

ಅಂಕೋಲಾದ ಕರಿ ಇಶಾಡ, ಬಿಳಿ ಇಶಾಡ ಎರಡೂ ಇಶಾಡ ಮಾವೇ, ಆದ್ರೂ ಸಿಪ್ಪೆ ಬೇರೆ, ರುಚಿ ಬೇರೆ. ಮನುಷ್ಯರ ಡಿಎನ್‌ಎಯಲ್ಲೂ ಇಂಥ ಸಣ್ಣ ಸಣ್ಣ ವ್ಯತ್ಯಾಸಗಳಿವೆ.

ನೀಲಿ ಇನ್ಹೇಲರ್‌ನ ಸಾಲ್ಬುಟಮಾಲ್, ಶ್ವಾಸನಾಳದ ಸ್ನಾಯುವಿನಲ್ಲಿರುವ ಬೀಟಾ-2 ಗ್ರಾಹಕಕ್ಕೆ ಅಂಟಿಕೊಳ್ಳುತ್ತೆ. ಆಗ ಬಿಗಿದ ಸ್ನಾಯು ಸಡಿಲವಾಗಿ ಉಸಿರಿನ ದಾರಿ ತೆರೆಯುತ್ತೆ. ಈ ಗ್ರಾಹಕ 413 ಅಮೈನೋ ಆಮ್ಲಗಳ ಸರಪಳಿ. ಅದನ್ನು ಕಟ್ಟುವ ಸೂಚನೆ ಇರುವುದು ಎಡಿಆರ್‌ಬಿ2 ಎಂಬ ಜೀನ್‌ನಲ್ಲಿ. ಅಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ದರೆ, 16ನೇ ಸ್ಥಾನದಲ್ಲಿ ಅರ್ಜಿನೈನ್ ಬದಲು ಗ್ಲೈಸಿನ್ ಬರುತ್ತೆ. ಕೋಡ್‌ನಲ್ಲಿ ಒಂದು ಕ್ಯಾರೆಕ್ಟರ್ ಬದಲಾದ ಹಾಗೆ: ಪ್ರೋಗ್ರಾಂ ಓಡುತ್ತೆ, ಔಟ್‌ಪುಟ್ ಸ್ವಲ್ಪ ಬೇರೆ.

2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೌಮ್ಯ ಅಸ್ತಮಾ ಇರುವವರಿಗೆ 16 ವಾರ ದಿನಾ ಈ ಔಷಧಿ ಕೊಟ್ಟರು. ಅಪ್ಪ-ಅಮ್ಮ ಇಬ್ಬರಿಂದಲೂ ಗ್ಲೈಸಿನ್ ರೂಪ ಪಡೆದವರು ಬೆಳಗ್ಗೆ ಉಸಿರು ಊದುವ ವೇಗ ಹೆಚ್ಚಿತು. ಇಬ್ಬರಿಂದಲೂ ಅರ್ಜಿನೈನ್ ರೂಪ ಪಡೆದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಊತ ತಗ್ಗಿಸುವ ಸ್ಟಿರಾಯ್ಡ್ ಇನ್ಹೇಲರ್ ಕತೆಯೂ ಹೀಗೇ. 2011ರ ಒಂದು ಅಧ್ಯಯನದ ಪ್ರಕಾರ, ಜಿಎಲ್‌ಸಿಸಿಐ1 ಜೀನ್‌ನ ಒಂದು ರೂಪದ ಎರಡೂ ಪ್ರತಿ ಇದ್ದವರಿಗೆ ಸಿಕ್ಕ ಲಾಭ, ಅದು ಇಲ್ಲದವರಿಗೆ ಸಿಕ್ಕಿದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ.

ಹಾಗಾದ್ರೆ ಜೀನ್ ಪರೀಕ್ಷೆ ಮಾಡಿಸಿ ಔಷಧಿ ಆರಿಸಬಹುದಾ? ಸದ್ಯಕ್ಕೆ ಡಾಕ್ಟರುಗಳು ಹಾಗೆ ಮಾಡಲ್ಲ. 2009ರ ಇನ್ನೊಂದು ಅಧ್ಯಯನದಲ್ಲಿ ಸ್ಟಿರಾಯ್ಡ್ ಜೊತೆ ಸಾಲ್ಮೆಟರಾಲ್ ಕೊಟ್ಟಾಗ ಅರ್ಜಿನೈನ್, ಗ್ಲೈಸಿನ್ ಎರಡೂ ಗುಂಪಿನವರು ಸುಧಾರಿಸಿದರು. ಅಸ್ತಮಾದಲ್ಲಿ ಒಂದೇ ಜೀನ್ ಎಲ್ಲವನ್ನೂ ತೀರ್ಮಾನ ಮಾಡಲ್ಲ.

ಆದರೆ ಇಷ್ಟಂತೂ ಸ್ಪಷ್ಟ: "ಅವನಿಗೆ ಕೆಲಸ ಮಾಡುತ್ತೆ, ನಿಂಗೆ ಯಾಕಿಲ್ಲ? ಎಲ್ಲಾ ಮನಸ್ಸಿನದ್ದು" ಅಂತ ಗೆಳೆಯರಿಗೆ ಹೇಳೋದು ಸರಿಯಲ್ಲ. ನೀಲಿ ಇನ್ಹೇಲರ್ ಪದೇ ಪದೇ ಬೇಕಾಗ್ತಿದ್ರೆ ಅಸ್ತಮಾ ಹತೋಟಿಯಲ್ಲಿಲ್ಲ ಅಂತ ಅರ್ಥ. ಪಫ್ ಹೆಚ್ಚಿಸುತ್ತಾ ಹೋಗದೆ, ಸ್ಟಿರಾಯ್ಡ್ ಇನ್ಹೇಲರ್ ನಾವೇ ನಿಲ್ಲಿಸದೆ, ಡಾಕ್ಟರನ್ನು ಕಾಣೋಣ. ಔಷಧಿ ತಗೊಂಡರೂ ಮಾತಾಡೋಕೆ ಆಗದಷ್ಟು ಉಬ್ಬಸ ಬಂದ್ರೆ ಕಾಯೋದೇ ಬೇಡ, ಆ ಗೆಳೆಯರನ್ನು ನೇರ ಆಸ್ಪತ್ರೆಗೆ ಕರ್ಕೊಂಡು ಹೋಗೋಣ.