ತುಟಿಯ ಸಿಪ್ಪೆಯೂ ತುಟಿಯ ನರುಲಿಯೂ

ಮನುಷ್ಯನ ಶರೀರವನ್ನು ಆವರಿಸಿರುವ ಚರ್ಮವು ಎಲ್ಲ ಕಡೆಯಲ್ಲಿಯೂ ಒಂದೇ ತೆರನಾಗಿರುವುದಿಲ್ಲ. ಅಂಗಾಲಿನಲ್ಲಿ ಅದು ದಪ್ಪ, ಕಣ್ಣಿನ ರೆಪ್ಪೆಯಲ್ಲಿ ತೆಳು. ತುಟಿಯ ಕೆಂಪು ಭಾಗವಂತೂ ಹೊರಚರ್ಮಕ್ಕೂ ಬಾಯ ಒಳಪೊರೆಗೂ ನಡುವಣ ಒಂದು ಗಡಿನಾಡು. ಅಲ್ಲಿ ಕೂದಲಿಲ್ಲ, ಬೆವರಿನ ಗ್ರಂಥಿಗಳಿಲ್ಲ. ಮೇಲಣ ಒಣಪದರವು ಅತಿ ತೆಳುವಾದುದು. ಬಾಯೊಳಗಿರುವಂತೆ ಸದಾ ಜೊಲ್ಲಿನ ತೇವವೂ ಇಲ್ಲ. ಈ ಬಡ ಗಡಿನಾಡಿಗೆ ಒದಗುವ ಎರಡು ತೊಂದರೆಗಳನ್ನು ಕುರಿತು ಪ್ರಕೃತ ವಿಚಾರ ಮಾಡಬೇಕೆಂದಿದ್ದೇವೆ. ಒಂದು, ಸಿಪ್ಪೆ ಏಳುವುದು. ಇನ್ನೊಂದು, ನರಹುಲಿ ಎಂದೂ ಕರೆಯಲ್ಪಡುವ ನರುಲಿ. ನಮ್ಮ ಜನರು ಎರಡನ್ನೂ 'ಉಷ್ಣ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಆ ಮಾತಿನಿಂದ ಆಗುವ ಕೇಡು ಅಲ್ಪವಲ್ಲ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ, ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುದಾರಿಯ ಮೇಲೆ, ಗುಡಗೇರಿ ಎಂಬ ಊರಿದೆ. ಸುತ್ತಲೂ ಎರೆಹೊಲ. ಹಿಂಗಾರಿನ ಜೋಳ ತೆನೆಗಟ್ಟುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಬೀಸುವ ಒಣಗಾಳಿಯು ತುಟಿಯ ತೇವವನ್ನು ಹೀರಿಬಿಡುತ್ತದೆ. ತುಟಿ ಬಿರಿಯಿತೆಂದು ಮಕ್ಕಳು ಅದನ್ನು ನಾಲಗೆಯಿಂದ ಸವರುವರು. ಸವರಿದ ಕ್ಷಣ ಹಿತವೆನಿಸುವುದು ನಿಜ. ಆದರೆ ಆ ಜೊಲ್ಲು ಆರುವಾಗ ತುಟಿಯಲ್ಲಿದ್ದ ಅಷ್ಟಿಷ್ಟು ತೇವವನ್ನೂ ಒಯ್ಯುತ್ತದೆ. ಅನ್ನವನ್ನು ಜೀರ್ಣಿಸಲು ಜೊಲ್ಲಿನಲ್ಲಿರುವ ದ್ರವ್ಯಗಳು ತೆಳುಚರ್ಮವನ್ನೂ ಕೆರಳಿಸುತ್ತವೆ. ಸಿಪ್ಪೆ ಇನ್ನಷ್ಟು ಏಳುತ್ತದೆ. ಅದನ್ನು ಉಗುರಿನಿಂದ ಕಿತ್ತರೆ ರಕ್ತ ಒಸರುತ್ತದೆ. ಮೆಣಸಿನಕಾಯಿ ಬಿಡಿಸಿದ ಕೈಯಿಂದಲೇ ಕಿತ್ತರೆ ಏನಾಗುವುದೆಂಬುದನ್ನು ಆ ಸೀಮೆಯವರಿಗೆ ನಾವು ಹೇಳಬೇಕಾದುದಿಲ್ಲ. ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ದಿನಕ್ಕೆ ನಾಲ್ಕಾರು ಸಲ ಸವರಿ, ನಾಲಗೆಯನ್ನು ಒಳಗಿಟ್ಟುಕೊಂಡರೆ ಇಂಥ ಸಿಪ್ಪೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಅಡಗುತ್ತದೆ.

ಅಡಗದೆ, ಬಾಯಿಯ ಎರಡು ಮೂಲೆಗಳೂ ಸೀಳಿ, ನಾಲಗೆಯೂ ಕೆಂಪಗಾದರೆ ಗಾಳಿಯನ್ನು ದೂರಿ ಫಲವಿಲ್ಲ, ತಟ್ಟೆಯನ್ನು ನೋಡಬೇಕು. 1930ರ ದಶಕದಲ್ಲಿ ನೀಲಗಿರಿಯ ಕುನ್ನೂರಿನಲ್ಲಿದ್ದ ಆಹಾರ ಸಂಶೋಧನಾಲಯದ ಡಾಕ್ಟರ್ ಅಯ್ಕ್ರಾಯ್ಡ್ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದ ಬಡವರಲ್ಲಿ ಕಾಣುತ್ತಿದ್ದ ಈ ಬಾಯಿಹುಣ್ಣಿಗೂ 'ಬಿ2' ವರ್ಗದ ವಿಟಮಿನ್ನಿನ ಕೊರತೆಗೂ ಸಂಬಂಧವನ್ನು ತೋರಿಸಿದರು. 1938ರಲ್ಲಿ ಅಮೆರಿಕದ ಸೆಬ್ರೆಲ್ ಮತ್ತು ಬಟ್ಲರ್ ಎಂಬವರು ರೈಬೊಫ್ಲೇವಿನ್ ಎಂಬ ದ್ರವ್ಯದ ಕೊರತೆಯಿಂದಲೇ ತುಟಿ ಕೆಂಪೇರಿ ಮೂಲೆ ಸೀಳುವುದೆಂದು ವರದಿ ಮಾಡಿದರು. ಮೊಸರಿನ ಮೇಲೆ ನಿಲ್ಲುವ ತಿಳಿನೀರಿನ ಹಸುರು ಬೆರೆತ ಹಳದಿ ಬಣ್ಣವು ಈ ದ್ರವ್ಯದ್ದೇ. ಹಾಲು, ಮಜ್ಜಿಗೆ, ಮೊಟ್ಟೆ, ಹಸುರುಸೊಪ್ಪು, ಮೊಳಕೆ ಕಾಳುಗಳಲ್ಲಿ ಅದು ದೊರೆಯುತ್ತದೆ. ಬಿಸಿಲಿಗಿಟ್ಟ ಹಾಲಿನಲ್ಲಿ ನಾಶವಾಗುತ್ತದೆ. ಹಾಲನ್ನೆಲ್ಲ ಡೇರಿಗೆ ಅಳೆದುಕೊಟ್ಟು ಮಕ್ಕಳಿಗೆ ಕರಿ ಚಹ ಕೊಡುವ ಮನೆಯಲ್ಲಿ ಮಕ್ಕಳ ತುಟಿ ಸೀಳಿದರೆ ಆಶ್ಚರ್ಯವೇನು? ಮೂಲೆಯ ಸೀಳಿಗೆ ಕಬ್ಬಿಣಾಂಶದ ಕೊರತೆಯೂ, ಬೂಷ್ಟಿನ ಜಾತಿಯ ಸೋಂಕೂ ಕಾರಣವಾಗುವುದುಂಟು.

ಇನ್ನು ನರುಲಿಯ ವಿಷಯ. ಇದು ಗಾಳಿಯಿಂದಾಗಲಿ ಉಷ್ಣದಿಂದಾಗಲಿ ಬರುವುದಲ್ಲ. ಹೊರಗಿನಿಂದ ಬರುವ ಅತಿಥಿ. 1907ರಲ್ಲಿ ಇಟಲಿಯ ಚುಫ್ಫೊ ಎಂಬ ವೈದ್ಯನು ನರುಲಿಯನ್ನು ಅರೆದು, ಬ್ಯಾಕ್ಟೀರಿಯಗಳೂ ದಾಟಲಾರದ ಸೋಸುಕದಲ್ಲಿ ಸೋಸಿ, ಆ ತಿಳಿಯನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡನು, ನರುಲಿ ಎದ್ದಿತು. ಸೋಸುಕಕ್ಕೂ ಸಿಕ್ಕದ ಆ ಸೂಕ್ಷ್ಮವಸ್ತುವೇ ವೈರಸ್. ಪ್ಯಾಪಿಲೋಮ ಎಂಬ ಈ ವೈರಸ್ಸಿನ ಇನ್ನೂರಕ್ಕೂ ಮೇಲ್ಪಟ್ಟ ಬಗೆಗಳನ್ನು ಈಗ ಗುರುತಿಸಿದ್ದಾರೆ. ಇದು ಇಡಿಯಾದ ಚರ್ಮವನ್ನು ಸುಲಭವಾಗಿ ಹೊಗಲಾರದು, ಬಿರುಕು ಬೇಕು. ಸಿಪ್ಪೆ ಕಿತ್ತ ತುಟಿಯು ಅದಕ್ಕೆ ತೆರೆದ ಬಾಗಿಲು. ಬೆರಳಿನ ಉಗುರುಸಂದಿನಲ್ಲಿ ನರುಲಿಯಿರುವ ಹುಡುಗನು ಉಗುರು ಕಚ್ಚುತ್ತ ಅದನ್ನು ತುಟಿಗೆ ತಂದುಕೊಳ್ಳುತ್ತಾನೆ. ವಯಸ್ಕರಲ್ಲಿ ದೈಹಿಕ ಸಂಪರ್ಕದಿಂದ ಬರುವ ಬಗೆಗಳೂ ಉಂಟು. ಸೋಂಕಿದ ಮೇಲೆ ಗಂಟು ಕಾಣಲು ತಿಂಗಳುಗಳೇ ಹಿಡಿಯುವುದರಿಂದ, ಯಾರಿಂದ ಬಂತೆಂದು ಹುಡುಕಿ ಜಗಳಕ್ಕೆ ನಿಲ್ಲುವುದು ವ್ಯರ್ಥ. ತುಟಿಯಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾದ, ನೋವಿಲ್ಲದ ಹಳದಿ ಕಣಗಳನ್ನು ಕಂಡು ನರುಲಿಯೆಂದು ಹೆದರುವವರೂ ಇದ್ದಾರೆ. ಅವು ಜಿಡ್ಡಿನ ಗ್ರಂಥಿಗಳು. 1896ರಲ್ಲಿ ಅವನ್ನು ವರ್ಣಿಸಿದ ಫೋರ್ಡೈಸ್ ಎಂಬವನ ಹೆಸರು ಅವಕ್ಕೆ ಅಂಟಿಕೊಂಡಿದೆ. ಅವುಗಳ ಗೊಡವೆಯೇ ಬೇಡ.

ನರುಲಿಗೆ ನಮ್ಮಲ್ಲಿ ಮದ್ದುಗಳಿಗೆ ಬರವಿಲ್ಲ. ಕುದುರೆಯ ಬಾಲದ ಕೂದಲನ್ನು ಬಿಗಿಯುವರು. ದೇವರಿಗೆ ಉಪ್ಪಿನ ಹರಕೆ ಹೊರುವರು. ಸುಣ್ಣಕ್ಕೆ ಸೋಡ ಕಲಸಿ ಹಚ್ಚುವರು. ಎಕ್ಕೆಯ ಹಾಲನ್ನು ತೊಟ್ಟಿಕ್ಕಿಸುವರು. ಊದುಬತ್ತಿಯ ಕೆಂಡದಿಂದ ಚುಚ್ಚುವರು. ಇವೆಲ್ಲವೂ ಒಮ್ಮೊಮ್ಮೆ ಫಲಿಸಿದಂತೆ ಕಾಣುವುದಕ್ಕೆ ಕಾರಣವಿದೆ. ಮಕ್ಕಳ ನರುಲಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಏನೂ ಮಾಡದಿದ್ದರೂ ಎರಡು ವರ್ಷಗಳೊಳಗೆ ತಾವಾಗಿಯೇ ಮಾಯವಾಗುತ್ತವೆ. ಚರ್ಮದ ಮೇಲ್ಪದರದಲ್ಲಿಯೇ ಅಡಗಿದ್ದ ವೈರಸ್ಸನ್ನು ಶರೀರದ ರಕ್ಷಕ ಶಕ್ತಿಯು ತಡವಾಗಿಯಾದರೂ ಗುರುತಿಸುವುದೇ ಇದಕ್ಕೆ ಕಾರಣ. ಕೀರ್ತಿಯು ಮಾತ್ರ ಕೊನೆಯಲ್ಲಿ ಮಾಡಿದ ಮದ್ದಿಗೆ ಸಲ್ಲುತ್ತದೆ! ಉಪ್ಪಿನ ಹರಕೆಯಿಂದ ಯಾರಿಗೂ ಹಾನಿಯಿಲ್ಲ. ಅದರ ಮೇಲೆ ನಮಗೆ ಮುನಿಸೂ ಇಲ್ಲ. ಸುಣ್ಣ ಸೋಡದ ಮಾತು ಬೇರೆ. ಬೆರಳಿನ ದಪ್ಪ ಚರ್ಮ ತಡೆದುಕೊಂಡೀತು. ತುಟಿ ಬೆಂದು, ಗಾಯ ಮಾದಾಗ ಸೆಳೆದುಕೊಂಡು, ಬಾಯಿಯ ಆಕಾರವೇ ಓರೆಯಾಗಬಹುದು. ತಾನಾಗಿಯೇ ಹೋಗಬಹುದಾಗಿದ್ದ ಒಂದು ಗಂಟಿಗಾಗಿ ಹೆಣ್ಣುಮಗುವೊಂದು ಬಾಳೆಲ್ಲ ಆ ಕಲೆಯನ್ನು ಹೊರಬೇಕಾಗುತ್ತದೆ. ಅಂಗಡಿಯಲ್ಲಿ ಮಾರುವ ಆಮ್ಲದ ಮುಲಾಮುಗಳೂ ತುಟಿಗೆ ತಕ್ಕವಲ್ಲ.

ಕಾಯಲು ಮನಸ್ಸಿಲ್ಲದವರಿಗೆ, ಅಥವಾ ಗಂಟು ಬೆಳೆಯುತ್ತಿದ್ದರೆ, ಚರ್ಮವೈದ್ಯರಲ್ಲಿ ಉಪಾಯಗಳುಂಟು: ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿರುವ ದ್ರವಸಾರಜನಕವನ್ನು ಮುಟ್ಟಿಸಿ ಹೆಪ್ಪುಗಟ್ಟಿಸುವುದು, ವಿದ್ಯುತ್ತಿನಿಂದ ಸುಡುವುದು, ಕತ್ತರಿಸಿ ತೆಗೆಯುವುದು. ಮರಳಿ ಬರುವುದಿಲ್ಲವೆಂದು ಯಾವ ವೈದ್ಯರೂ ಮಾತು ಕೊಡಲಾರರು. ಗುಡಗೇರಿಯ ಕಡೆಯವರಿಗೆ ಹುಬ್ಬಳ್ಳಿಯೇ ಹತ್ತಿರ. 1957ರಲ್ಲಿ ಅಲ್ಲಿ ಸ್ಥಾಪಿತವಾದ, ಜನರು ಕೆ.ಎಂ.ಸಿ. ಎಂದು ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಮೇಲೆ ಕಾಯಬಹುದೆಂದೆವು, ಅದು ಮಕ್ಕಳ ಮಾತು. ನಲವತ್ತು ದಾಟಿದ ರೈತನೊಬ್ಬನು ಮೂವತ್ತು ವರ್ಷ ಬಿಸಿಲಿನಲ್ಲಿ ದುಡಿದು, ತಂಬಾಕಿಗೆ ಸುಣ್ಣ ತಿಕ್ಕಿ ಕೆಳತುಟಿಯ ಸಂದಿನಲ್ಲಿಟ್ಟುಕೊಳ್ಳುವವನಾಗಿದ್ದರೆ, ಅವನ ತುಟಿಯ ಸಿಪ್ಪೆಯನ್ನು ಗಾಳಿಯದೆಂದೂ, ಗಂಟನ್ನು ನರುಲಿಯೆಂದೂ ಮನೆಯಲ್ಲಿಯೇ ತೀರ್ಮಾನಿಸಬಾರದು. ಒಂದೇ ಕಡೆ ಮತ್ತೆ ಮತ್ತೆ ಸಿಪ್ಪೆ ಏಳುವುದು, ಬಿಳಿಯ ಮಚ್ಚೆ, ತಳ ಗಟ್ಟಿಯಾದ ಗಂಟು, ಮೂರು ವಾರವಾದರೂ ಮಾಯದ ಹುಣ್ಣು, ಇವು ಕ್ಯಾನ್ಸರಿನ ಮೊದಲ ಗುರುತುಗಳಾಗಿರಬಹುದು. ಆಗ ನೋವು ಸಹ ಇರುವುದಿಲ್ಲ. ಕಣ್ಣಿನ ನೋಟದಿಂದ ಇದು ನಿರ್ಣಯವಾಗುವುದಲ್ಲ. ವೈದ್ಯರು ಅಲ್ಲಿಂದ ಕಾಳಿನಷ್ಟು ತುಂಡನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಆ ಪರೀಕ್ಷೆ ಹುಬ್ಬಳ್ಳಿಯಲ್ಲಿಯೇ ಆಗುತ್ತದೆ.